ಎಡಗಿವಿಯ ಕಡತ

ಏನೇನು ಕೆಡಬಹುದಿತ್ತು ಎಂಬುದು ನನಗೆ ಬಾಯಿಪಾಠವಾಗಿತ್ತು. ನಮ್ಮೂರು ಮಮದಾಪುರದ ಮನೆಯಲ್ಲಿಟ್ಟ ಮಿಲಿಟರಿ ಟ್ರಂಕಿಗೆ ಇಲಿ ಹೊಕ್ಕು ಡಿಸ್ಚಾರ್ಜ್ ಪುಸ್ತಕ ತಿಂದಿರಬಹುದು. ಎಡಗಿವಿ ಮಂದವೆಂದು ಸೈನ್ಯದ ಡಾಕ್ಟರು ಬರೆದುಕೊಟ್ಟ ಚೀಟಿಯ ಶಾಯಿ ಹಾರಿರಬಹುದು. ಬಬಲೇಶ್ವರದಲ್ಲಿ ಬಸ್ಸು ಬದಲಿಸುವಾಗ ನಾನು ಇಳಿದು ಚೀಲ ಮುಂದೆ ಹೋಗಬಹುದು. ಝೆರಾಕ್ಸ್ ಯಂತ್ರ ಮೂಲಪ್ರತಿಯನ್ನೇ ನುಂಗಬಹುದು. ಪಿಂಚಣಿಯ ಅರ್ಜಿ ಕೊಡುವ ಮೊದಲೇ ನಾನೇ ಹೋಗಿಬಿಡಬಹುದು. ಆಗ ಕಿವಿಯದು ದೊಡ್ಡ ಮಾತಲ್ಲ.

ಹದಿನೆಂಟು ವರ್ಷ ಫಿರಂಗಿಯ ಪಕ್ಕ ನಿಂತವನು ನಾನು. ಎಡಗಿವಿ ಅಲ್ಲೇ ಉಳಿಯಿತು, ಮಿಕ್ಕ ನಾನು ನಿವೃತ್ತನಾಗಿ ಶಹರದ ಜಲನಗರ ಬಡಾವಣೆಗೆ ಬಂದೆ. ಈಗ ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕಬೇಕು. ನಿಜ ಹೇಳಬೇಕೆಂದರೆ, ಪಿಂಚಣಿಗಿಂತ ನನಗೆ ಬೇಕಾದದ್ದು ಆ ಸರ್ಕಾರಿ ಮೊಹರು. ನನ್ನ ಕಿವುಡನ್ನು ನಂಬದ ಒಬ್ಬಳು ಮನೆಯಲ್ಲಿದ್ದಾಳೆ.

"ನಿಮ್ಮ ಕಿವಿಗೇನಾಗೇತ್ರಿ?" ಎನ್ನುತ್ತಾಳೆ ನನ್ನ ಹೆಂಡತಿ ಶಾಂತವ್ವ. "ಸಂತಿಗೆ ಹೋಗ್ರಿ ಅಂದ್ರ ಕೇಳಂಗಿಲ್ಲ. ಚಾ ಆಗೇತಿ ಅಂದ್ರ ಮಾಳಗಿ ಮ್ಯಾಲಿದ್ರೂ ಕೇಳತೈತಿ!"

ಆಶ್ಚರ್ಯವೆಂದರೆ ಏನೂ ಕೆಡಲಿಲ್ಲ. ಟ್ರಂಕಿನಲ್ಲಿ ಕಾಗದಗಳು ಪರೇಡಿಗೆ ನಿಂತಂತೆ ಇದ್ದವು. ನನ್ನ ಪಕ್ಕದಲ್ಲೇ ಗುಂಡು ತುಂಬುತ್ತಿದ್ದ ಗೆಳೆಯ ಮಲ್ಲಪ್ಪ ತಿಕೋಟಾದಲ್ಲಿದ್ದಾನೆ; ಸಾಕ್ಷಿಪತ್ರಕ್ಕೆ ಸಹಿ ಹಾಕಿದ. ಅವನದು ಬಲಗಿವಿ ಹೋಗಿದೆ. ತಪ್ಪು ಬದಿಗೆ ಕುಳಿತರೆ ಇಬ್ಬರಿಗೂ ಪರಮಶಾಂತಿ. ಬದಿ ಬದಲಿಸಿಕೊಂಡ ಮೇಲೆ ಅವನೇ ಎಚ್ಚರಿಸಿದ: "ಲೇ, ಹೊಸಾ ಕಿವಿ ರಿಪೋರ್ಟ್ ಹಚ್ಚು. ಅದಿಲ್ಲಂದ್ರ ಫೈಲ್ ಮುಂದ ಹೋಗಂಗಿಲ್ಲ."

ಹೀಗೆ ಸ್ಟೇಷನ್ ರಸ್ತೆಯ ಒಂದು ಕಿವಿ ದವಾಖಾನೆಗೆ ಶಾಂತವ್ವನೊಂದಿಗೆ ಹೋದೆ. ಅಲ್ಲಿಯ ಹುಡುಗಿ ನನ್ನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಎರಡೂ ಕಿವಿ ಮುಚ್ಚುವಂಥದ್ದೊಂದನ್ನು ತಲೆಗೆ ಹಾಕಿದಳು. "ಕಾಕಾ, ಸಪ್ಪಳ ಕೇಳಿದಾಗೊಮ್ಮೆ ಬೆರಳ ಎತ್ರಿ" ಎಂದು ಹೊರಗೆ ಹೋಗಿ ಯಂತ್ರದ ಮುಂದೆ ಕುಳಿತಳು.

ಇಲ್ಲೊಂದು ಹಳೆಯ ಪಾಪ ಹೇಳಬೇಕು. ಸೈನ್ಯದಲ್ಲಿ ವರ್ಷಕ್ಕೊಮ್ಮೆ ತಪಾಸಣೆ. ಫೇಲಾದರೆ ಬಡ್ತಿ ನಿಲ್ಲುತ್ತದೆ. ಆ ಹೆದರಿಕೆಗೆ ನಾನು ಪರೀಕ್ಷೆ ಮಾಡುವವನ ಮೊಣಕೈ ನೋಡುವುದನ್ನು ಕಲಿತಿದ್ದೆ. ಯಂತ್ರದ ಗುಂಡಿ ಒತ್ತುವಾಗ ಅದು ಅಲುಗಿತೋ, ನನ್ನ ಬೆರಳು ಮೇಲೆ. ಕೊನೆಯ ವರ್ಷ ಡಾಕ್ಟರೊಬ್ಬರು ಗೋಡೆಗೆ ಮುಖ ಮಾಡಿಸಿ ಹಿಡಿದುಬಿಟ್ಟರು. ಎಡಗಿವಿ ಮಂದವೆಂಬ ಆ ಚೀಟಿ ಬಂದದ್ದೇ ಹಾಗೆ.

ಗಾಜಿನಾಚೆ ಹುಡುಗಿಯ ಮೊಣಕೈ ಅಲುಗಿತು. ನನ್ನ ಬೆರಳು ಎದ್ದಿತು. 'ಇವತ್ತು ಫೇಲಾಗಬೇಕೋ ಮಾರಾಯ' ಎಂದು ಮನಸ್ಸು ಒದರಿಕೊಂಡಿತು. ಮತ್ತೆ ಮೊಣಕೈ, ಮತ್ತೆ ಬೆರಳು. ಹದಿನೆಂಟು ವರ್ಷ ತಾಲೀಮು ಪಡೆದ ಬೆರಳು ಅದು, ಹೊಸ ಆದೇಶ ಕೇಳಲಿಲ್ಲ.

"ಎರಡೂ ಕಿವಿ ಭಾಳ ಚಲೋ ಅದಾವ ನೋಡ್ರಿ ಕಾಕಾ!" ಎಂದು ಹುಡುಗಿ ರಿಪೋರ್ಟು ಚಾಚಿದಳು. ಅದು ನನ್ನ ಕೈಗೆ ಬರಲಿಲ್ಲ, ನಡುವೆ ಶಾಂತವ್ವ ಇದ್ದಳು.

ತಪ್ಪೊಪ್ಪಿಕೊಂಡೆ. ಹುಡುಗಿ ನಕ್ಕು, ನಾಳೆ ಗೋಡೆಗೆ ಮುಖ ಮಾಡಿಸಿ ಇನ್ನೊಮ್ಮೆ ನೋಡುತ್ತೇನೆ ಎಂದಳು. ಫೇಲಾದರೆ ಅರ್ಜಿ ಮುಂದೆ ಹೋಗುತ್ತದೆ. ಆದರೂ ಫೇಲಾಗುವುದನ್ನು ನೆನೆದರೆ, ಬಡ್ತಿ ನಿಂತೀತೆಂಬ ಅದೇ ಹಳೆಯ ಹೆದರಿಕೆ.

ನಾಳೆಯ ರಿಪೋರ್ಟಿಗೆ ಜಾಗ ಬಿಟ್ಟು, ಕಡತದಲ್ಲಿ ಎಲ್ಲವೂ ಕ್ರಮವಾಗಿದೆ. ಇವತ್ತಿನ ರಿಪೋರ್ಟು ಮಾತ್ರ ಅದರಲ್ಲಿಲ್ಲ. ಅದನ್ನು ಶಾಂತವ್ವ ಲ್ಯಾಮಿನೇಷನ್ ಮಾಡಿಸಿ, ನನ್ನ ಪದಕಗಳ ಪಕ್ಕದಲ್ಲಿ ತೂಗುಹಾಕಿದ್ದಾಳೆ.