ಮಾವನವರು ಮಾಡಿದ ಉಲ್ಟಾ ಕೋಲು

ನಮ್ಮ ಮಾವನವರು, ಅಂದರೆ ನನ್ನ ಗಂಡನ ತಂದೆ, ಮನುಷ್ಯರನ್ನು ಗುರುತು ಹಿಡಿಯುತ್ತಿದ್ದುದು ಮಣಿಕಟ್ಟಿನಿಂದ! ಊರ ಗೌಡರು ಎದುರಿಗೆ ಬಂದರೂ ಮಾವನವರ ಕಣ್ಣು ಮೊದಲು ಗೌಡರ ಮಣಿಕಟ್ಟಿಗೆ ಹೋಗುತ್ತಿತ್ತು, ಅಲ್ಲಿಂದ ನೆಲಕ್ಕೆ ಇಳಿಯುತ್ತಿತ್ತು. ಎರಡರ ನಡುವಿನ ದೂರವನ್ನು ಮನಸ್ಸಿನಲ್ಲೇ ಅಳೆದು, "ಇವರಿಗೆ ಜರಾ ಉದ್ದಂದು ಬೇಕಾಗ್ತದ" ಎಂದು ಗೊಣಗಿಕೊಂಡು, ಆಮೇಲೆ "ಶರಣ್ರಿ ಗೌಡ್ರ" ಎನ್ನುತ್ತಿದ್ದರು. ಇಂಥವರ ಮನೆಗೆ ನಾನು ಸೊಸೆಯಾಗಿ ಬಂದೆ. ನನ್ನ ಬಳಿ ಬಚ್ಚಿಡುವಂಥದ್ದು ಇದ್ದದ್ದೇ ಒಂದು, ಅದೂ ಕೈಯ ವಿಷಯ.

ನಾನು ಎಡಚಿ. ಜೇವರ್ಗಿ ಕಡೆಯ ನನ್ನ ತವರಿನಲ್ಲಿ ಅವ್ವ ಬೈದಳು, ಹೊಡೆದಳು, ಎಡಗೈಗೆ ಬಟ್ಟೆಯನ್ನೂ ಸುತ್ತಿ ನೋಡಿದಳು. ಊಟಕ್ಕೂ ಬರೆಯುವುದಕ್ಕೂ ಬಲಗೈ ಹೇಗೋ ಪಳಗಿತು. ಉಳಿದ ಕೆಲಸವೆಲ್ಲ ಎಡಗೈಯದೇ. ಮದುವೆಯಲ್ಲಿ ಬಳೆ ಏರಿಸುವಾಗ ಅವ್ವ ಆ ಕೈಯನ್ನು ಹಿಡಿದು, "ಅಲ್ಲಿ ಇದು ಸುಮ್ ಇರಬೇಕು. ಗೊತ್ತಾತಂದ್ರ ನಮ್ಮ ಮಾರಿಗಿ ಉಗುಳ್ತಾರ" ಎಂದಿದ್ದಳು. ಸುಮ್ಮನೆ ಹೆದರಿಸಿದ್ದಲ್ಲ ಅದು. ನನಗಿಂತ ಮುಂಚೆ ನೋಡಿದ ಹುಡುಗಿಯೊಬ್ಬಳು ಎಲೆ ಅಡಿಕೆಯ ತಟ್ಟೆಯನ್ನು ಎಡಗೈಯಿಂದ ಮುಂದೆ ಮಾಡಿದಳೆಂದು ನಮ್ಮ ಅತ್ತೆ ಚಹಾ ಕೂಡ ಮುಟ್ಟದೆ ಎದ್ದು ಬಂದಿದ್ದರಂತೆ. ಈ ಕಥೆಯನ್ನು ನಾನು ಬಂದ ಮೊದಲ ವಾರದಲ್ಲೇ ಅತ್ತೆ ಬಹಳ ಹೆಮ್ಮೆಯಿಂದ ಹೇಳಿದರು. ನಾನು ಎಡಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು "ಹೌದ್ರಿ ಅತ್ತಿ, ಅಂಥಾಕಿ ಬ್ಯಾಡೇ ಬ್ಯಾಡ" ಎಂದೆ.

ಇನ್ನು ಮಾವನವರ ಹುಚ್ಚಿನ ಕಥೆ. ಹುಡುಗರಾಗಿದ್ದಾಗ ಅವರು ಸಿಕಂದರಾಬಾದಿಗೆ ಹೋಗಿ, ಫೌಜಿನ ಸಾಹೇಬರು ಗೋಲ್ಫ್ ಆಡುವ ಮೈದಾನದಲ್ಲಿ ಚೆಂಡು ಹೊಡೆಯುವ ಕೋಲುಗಳ ಚೀಲ ಹೊರುತ್ತಿದ್ದರಂತೆ. ಮುರಿದ ಕೋಲುಗಳನ್ನು ಜೋಡಿಸುವ ಒಬ್ಬ ಮಿಸ್ತ್ರಿ ಅಲ್ಲಿದ್ದ. ಅವನ ಪಕ್ಕ ಕುಳಿತು ಮಾವ ಆ ವಿದ್ಯೆಯನ್ನೆಲ್ಲ ಕಲಿತರು. ಆಮೇಲೆ ಹೊಲ ನೋಡಿಕೊಳ್ಳಲು ನರೋಣಾಕ್ಕೆ ವಾಪಸಾದರು. ನರೋಣಾದಲ್ಲಿ ಜೋಳ ಉಂಟು, ತೊಗರಿ ಉಂಟು, ಶಾಲೆ ಉಂಟು, ಆಳಂದದ ಬಸ್ಸುಂಟು. ಗೋಲ್ಫ್ ಎಲ್ಲಿಂದ ಬರಬೇಕು? ಆಡುವವರು ಒಬ್ಬರೂ ಇಲ್ಲದ ಊರಿನಲ್ಲಿ ಈ ಮನುಷ್ಯ ವರ್ಷಗಟ್ಟಲೆ ಆಟದ ಕೋಲು ಮಾಡುತ್ತ ಕುಳಿತರು! ಮೈದಾನ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ತೊಗರಿ ಕೊಯ್ದ ನಮ್ಮ ಎರೆಹೊಲವನ್ನು ತೋರಿಸುತ್ತಿದ್ದರು. ಈ ಆಟದಲ್ಲಿ ಚೆಂಡನ್ನು ದೂರದ ಕುಳಿಗೆ ಬೀಳಿಸಬೇಕಂತೆ. ಬೇಸಿಗೆಯಲ್ಲಿ ನಮ್ಮ ಹೊಲದ ತುಂಬ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು. ಎತ್ತ ಹೊಡೆದರೂ ಚೆಂಡು ಕುಳಿಗೇ ಬೀಳುತ್ತಿತ್ತು, ಮತ್ತೆ ಮಳೆಗಾಲ ಕಳೆದು ಹೊಲ ಹರಗುವವರೆಗೆ ಸಿಗುತ್ತಿರಲಿಲ್ಲ.

ಕೋಲಿನ ಸಾಮಾನು ಎಲ್ಲಿಂದ ಬರುತ್ತಿತ್ತು ಎಂದು ಕೇಳಬೇಡಿ. ಮನೆಯಲ್ಲಿ ಏನು ಕಾಣೆಯಾದರೂ ಅದು ಕೋಲಾಗಿದೆ ಎಂದೇ ಲೆಕ್ಕ. ಸವೆದ ಕುಂಟೆಯ ಕುಡವನ್ನು ಕಮ್ಮಾರನ ಕುಲುಮೆಯಲ್ಲಿ ಬಡಿಸಿ ಕೋಲಿನ ತುದಿಗೆ ಕಬ್ಬಿಣದ ತಲೆ ಮಾಡುತ್ತಿದ್ದರು. ಜಾಲಿಯ ಕೊರಡು ಕೆತ್ತಿ ಕಟ್ಟಿಗೆಯ ತಲೆ ಮಾಡುತ್ತಿದ್ದರು. ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿ, ಮೇಲೆ ತೊಗಲಿನ ಪಟ್ಟಿ ಬಿಗಿಯುತ್ತಿದ್ದರು. ತಲೆಗೆ ತೂಕ ಬರಲೆಂದು ಒಳಗೆ ಸೀಸ ಹೊಯ್ಯಬೇಕು. ಅದಕ್ಕಾಗಿ ಅಫಜಲಪುರದ ಕಡೆ ಹೋಗಿ, ಭೀಮಾ ನದಿಯಲ್ಲಿ ಮೀನು ಹಿಡಿಯುವವರನ್ನು ಕಾಡಿ ಬೇಡಿ, ಹಳೆಯ ಬಲೆಯ ಸೀಸದ ಗುಂಡುಗಳನ್ನು ತರುತ್ತಿದ್ದರು. ಲಿಂಗಾಯತರ ಹಿರಿಯರೊಬ್ಬರು ಮೀನಿನ ಬಲೆ ಹೆಗಲಿಗೆ ಹಾಕಿಕೊಂಡು ಬಸ್ಸಿಳಿದದ್ದನ್ನು ಊರೆಲ್ಲ ನೋಡಿತ್ತು. ಅತ್ತೆ ಆ ಬಲೆಯನ್ನು ಹೊಸ್ತಿಲು ದಾಟಿಸಲಿಲ್ಲ.

ಎಲ್ಲಕ್ಕಿಂತ ಭಯದ ಘಳಿಗೆ ಎಂದರೆ ಹೊಸ ಕೋಲನ್ನು ಬೀಸಿ ನೋಡುವುದು. ಮಾವ ಅಂಗಳಕ್ಕಿಳಿದು ಧೋತರ ಮೇಲೆ ಕಟ್ಟಿದರೆಂದರೆ ಎಮ್ಮೆ ಬಿಚ್ಚಿ ಆಚೆ ಕಟ್ಟಬೇಕು, ಹಪ್ಪಳ ಒಳಗೆ ತರಬೇಕು, ನಾವೆಲ್ಲ ಬಾಗಿಲು ಹಾಕಿಕೊಳ್ಳಬೇಕು. ಒಮ್ಮೆ ಬೀಸಿದ ರಭಸಕ್ಕೆ ಕೋಲಿನ ತಲೆ ಕಳಚಿ ಹಾರಿ, ನೀರು ತುಂಬಿದ ಹರವಿಗೆ ಬಡಿಯಿತು. ಹರವಿ ಒಡೆದು ನೀರೆಲ್ಲ ಅಂಗಳಕ್ಕೆ ಹರಿಯಿತು. ಅತ್ತೆ ಬಾಗಿಲ ಸಂದಿಯಿಂದಲೇ, "ಇವತ್ತು ಹರವಿ, ನಾಳೆ ಯಾರ ತಲಿರಿ?" ಎಂದು ಕೇಳಿದರು. ಮಾವ ಕೈಯಲ್ಲಿ ಉಳಿದ ಬರೀ ಕೋಲನ್ನು ನೋಡುತ್ತ, "ತಲಿ ಅಂಟಸೋ ಅರಗು ಕಡಿಮಿ ಬಿದ್ದದ" ಎಂದರು. ಮರುದಿನ ನಮ್ಮ ಒಲೆಯ ಮೇಲೆ ಸಾರಿನ ಬದಲು ಅರಗು ಕುದಿಯುತ್ತಿತ್ತು. ಅವತ್ತಿನ ರೊಟ್ಟಿಗೆಲ್ಲ ಅದೇ ವಾಸನೆ.

ಅವರ ದೃಷ್ಟಿಯಲ್ಲಿ ಕೋಲು ಮಾಡುವುದು ಅರ್ಧ ಕೆಲಸ, ಅದನ್ನು ಆಡುವವನ ಮೈಗೆ ಹೊಂದಿಸುವುದೇ ಉಳಿದರ್ಧ. ಆಡುವವನು ನೆಟ್ಟಗೆ ನಿಂತು ಕೈ ಇಳಿಬಿಡಬೇಕು, ಮಣಿಕಟ್ಟಿನಿಂದ ನೆಲಕ್ಕೆ ದಾರ ಹಿಡಿಯಬೇಕು. ಕೋಲಿನ ತಲೆಯ ಅಡಿಗೆ ಹಸಿ ಸುಣ್ಣ ಬಳಿದು ಹಲಗೆಯ ಮೇಲೆ ಊರಿಸಿ, ಗುರುತು ನಡುವೆ ಬಿತ್ತೋ ಅಂಚಿಗೆ ಬಿತ್ತೋ ನೋಡಬೇಕು. ಹೀಗೆ ಅಳೆಸಿಕೊಂಡವರಲ್ಲಿ ಬಸ್ಸಿನ ಕಂಡಕ್ಟರ್ ಇದ್ದ, ಶಾಲೆಯ ಮಾಸ್ತರರಿದ್ದರು, ಕಾಯಿಪಲ್ಲೆ ಮಾರುವವಳಿದ್ದಳು. ಮಾಸ್ತರರಿಗಂತೂ ಕೋಲೂ ಸಿಕ್ಕಿತು, ಅದರಿಂದ ಅವರು ನಾಯಿ ಓಡಿಸುತ್ತಿದ್ದರು.

ಅಳೆಸಿಕೊಳ್ಳದೆ ಉಳಿದವಳು ನಾನೊಬ್ಬಳೇ. ಆಗಿನ ನಮ್ಮ ಮನೆಗಳಲ್ಲಿ ಸೊಸೆ ಮಾವನ ಎದುರು ನಿಲ್ಲುವಂತಿರಲಿಲ್ಲ, ಮಾತಾಡುವುದಂತೂ ದೂರ. ತಲೆಯ ಮೇಲೆ ಸೆರಗು, ನಡುವೆ ಗೋಡೆ. ಅವರು ಅಡಿಗೆಮನೆಯ ಕಡೆ ಬರುವ ಮೊದಲು ಕೆಮ್ಮುತ್ತಿದ್ದರು, ನಾನು ಬಳೆ ಸದ್ದು ಮಾಡಿ ಒಳಗೆ ಸರಿಯುತ್ತಿದ್ದೆ. ಎರಡು ವರ್ಷ ನಮ್ಮಿಬ್ಬರ ಸಂಭಾಷಣೆ ಎಂದರೆ ಬರೀ ಕೆಮ್ಮು ಮತ್ತು ಬಳೆ. ಈ ಪದ್ಧತಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಅತ್ತೆಯ ಕಣ್ಣು ತಪ್ಪಿಸಬಹುದು, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಎಡಗೈಯಿಂದ ರೊಟ್ಟಿ ಬಡಿಯಬಹುದು, ಬೀಸುಕಲ್ಲು ತಿರುಗಿಸಬಹುದು. ಆದರೆ ದಿನವಿಡೀ ಬೇರೆಯವರ ಕೈಯನ್ನೇ ನೋಡುವ ಮನುಷ್ಯನ ಕಣ್ಣನ್ನು ಹೇಗೆ ತಪ್ಪಿಸುವುದು? ಕೆಮ್ಮು ಕೇಳಿದರೆ ಸಾಕು, ನನ್ನ ಎಡಗೈ ಸೆರಗಿನೊಳಗೆ ಹೋಗುತ್ತಿತ್ತು.

ಈ ನಡುವೆ ನನ್ನ ನಾದಿನಿಯನ್ನು ನೋಡಲು ಹಿರೋಳ್ಳಿಯಿಂದ ಗಂಡಿನ ಕಡೆಯವರು ಬಂದರು. ಹುಡುಗ ಲಕ್ಷಣವಾಗಿದ್ದ, ಅವನ ತಂದೆಗೆ ದಪ್ಪ ಮೀಸೆ. ನಾದಿನಿಗೆ ಹುಡುಗ ಮನಸ್ಸಿಗೆ ಬಂದಿದ್ದು ಅವಳ ಮುಖದಲ್ಲೇ ಕಾಣುತ್ತಿತ್ತು. ಚಹಾ ಕುಡಿದು ಹುಡುಗ ಎದ್ದು ನಿಂತನೋ ಇಲ್ಲವೋ, ಮಾವ ಜೇಬಿನಿಂದ ದಾರ ತೆಗೆದು ಅವನ ಮಣಿಕಟ್ಟಿನಿಂದ ನೆಲಕ್ಕೆ ಹಿಡಿದೇಬಿಟ್ಟರು! ನಮ್ಮ ಕಡೆ ದಾರ ಹಿಡಿದು ಮನುಷ್ಯನನ್ನು ಅಳೆಯುವವರು ಇಬ್ಬರೇ: ಒಬ್ಬ ದರ್ಜಿ, ಇನ್ನೊಬ್ಬ ಹೆಣಕ್ಕೆ ಕುಣಿ ತೋಡುವವನು. ಬೀಗರ ಮೀಸೆ ನಡುಗಿತು.

"ಇದೇನ್ರಿ, ಜೀವ ಇದ್ದವನ ಅಳತಿ ತಗೋಳಾಕತ್ತೀರಿ?"

ಅತ್ತೆ ಒಳಗಿನಿಂದ ಓಡಿಬಂದರು. "ಅಂಗಿ ಹೊಲಸಾಕ್ರಿ. ಅಳಿಯಂದ್ರಿಗಿ ಅಂಗಿ ಹೊಲಸ್ಬೇಕಲ್ರಿ."

"ಅಂಗಿ ಅಳತಿ ನೆಲದತನ ಯಾಕ್ರಿ?"

"ನಮ್ಮ ಕಡಿ ಜರಾ ಉದ್ದನ ಅಂಗಿ ಹೊಲಸ್ತೀವ್ರಿ" ಎಂದು ಅತ್ತೆ ಹೇಗೋ ಸಾಗಹಾಕಿದರು. ಬೀಗರು ಒಪ್ಪಿಗೆಯನ್ನೂ ಹೇಳದೆ, ಒಲ್ಲೆವೆಂದೂ ಹೇಳದೆ, ಇನ್ನೊಮ್ಮೆ ಬಂದು ಮಾತಾಡುತ್ತೇವೆ ಎಂದು ಹೊರಟುಹೋದರು. ಅವರು ಹೋದ ಮೇಲೆ ನಾದಿನಿ ಹಿತ್ತಲಲ್ಲಿ ಕುಳಿತು ಅತ್ತಳು. ಅತ್ತೆ ಮಾವನವರಿಗೆ, "ಇನ್ನೊಂದು ತಪ್ಪು ಕಂಡರ ಅವರು ಈ ಹೊಸ್ತಿಲ ತುಳಿಯಂಗಿಲ್ಲ" ಎಂದರು. ಆ ಮಾತು ಮಾವನಿಗಿಂತ ಹೆಚ್ಚಾಗಿ ನನಗೆ ನಾಟಿತು.

ಸ್ವಲ್ಪ ದಿನಕ್ಕೆ ಪಡಸಾಲೆಯ ಮೂಲೆಯಲ್ಲಿ ಒಂದು ಹೊಸ ಕೋಲು ಕಾಣಿಸಿತು. ಉಳಿದವುಗಳಿಗಿಂತ ಗಿಡ್ಡ, ಹಗುರ, ಹಿಡಿಕೆಯೂ ಸಣ್ಣದು. ಆದರೆ ತಲೆಯೇ ಉಲ್ಟಾ! ಚೆಂಡಿಗೆ ತಾಗಬೇಕಾದ ಮುಖ ಹಿಂದಕ್ಕೆ ತಿರುಗಿತ್ತು. ನನ್ನ ಗಂಡ ಎತ್ತಿ ಬೀಸಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಪ್ಪಗ ವಯಸ್ಸಾತು, ತಲಿ ಹಿಂದ ಮುಂದ ಕೂಡಿಸ್ಯಾನ." ಅತ್ತೆಯೂ ನಕ್ಕರು. ಮಾವ ಮಾತ್ರ ಆ ಕೋಲಿಗೆ ಎಣ್ಣೆ ಉಜ್ಜುತ್ತ ಕುಳಿತರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ನಗು ಬರಲಿಲ್ಲ. ಬಲಗೈಯವರಿಗೆ ಅದು ಉಲ್ಟಾ, ಎಡಗೈಯವರಿಗೆ ಸರಿಯಾಗಿಯೇ ಇದೆ ಎಂದು ನೋಡಿದ ಕೂಡಲೇ ಹೊಳೆಯಿತು. ಯಾರಿಗಾಗಿ ಮಾಡಿದರು? ನನ್ನಂತೆಯೇ ಬಚ್ಚಿಟ್ಟುಕೊಂಡ ಇನ್ನೊಬ್ಬರು ಊರಿನಲ್ಲಿ ಇದ್ದಿರಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಬೇಡಿಕೆ ಸಂಜೆಯವರೆಗೂ ಉಳಿಯಲಿಲ್ಲ. ಜೋಳ ಹಸನು ಮಾಡುತ್ತ ನಾದಿನಿ ಏನೂ ತಿಳಿಯದವಳಂತೆ ಅಂದಳು: "ವೈನಿ, ಅಪ್ಪ ನನ್ನ ನಿಲ್ಲಿಸಿ ಅಳತಿ ತಗೊಂಡ. ವೈನಿ ನಿನಕಿಂತ ಎಷ್ಟು ಎತ್ತರ ಇದ್ದಾಳ ಅಂತ ಕೇಳಿದ. ನಾಕ ಬೆರಳು ಅಂದೆ."

ನನ್ನ ಕೈಯಿಂದ ಮೊರ ಜಾರಿತು. ಗೊತ್ತಾಗಿದೆ! ಇನ್ನು ಅತ್ತೆಗೆ ಹೇಳುವುದೊಂದೇ ಬಾಕಿ. ಅಂದಿನಿಂದ ಅವರಿಬ್ಬರೂ ಪಡಸಾಲೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿದರೆ ನನ್ನ ರೊಟ್ಟಿ ಹೊತ್ತುತ್ತಿತ್ತು. ಅವ್ವನನ್ನು ಕರೆಸುತ್ತಾರೆ, ಎಲ್ಲರೆದುರು ಕೇಳುತ್ತಾರೆ, ಅವ್ವ ತಲೆ ತಗ್ಗಿಸಿ ನಿಲ್ಲುತ್ತಾಳೆ ಎಂದು ಕಣ್ಣಿಗೆ ಕಟ್ಟಿದಂತಾಗುತ್ತಿತ್ತು. ಮನೆಯವರೆಲ್ಲ ಹೊಲಕ್ಕೆ ಹೋದ ಒಂದು ಮಧ್ಯಾಹ್ನ ಮಾತ್ರ ತಡೆಯಲಾಗದೆ ಆ ಕೋಲನ್ನು ಹಿತ್ತಲಿಗೆ ಒಯ್ದು ಬೀಸಿ ನೋಡಿದೆ. ಕತ್ತರಿ, ಕುಡುಗೋಲು, ಬೀಸುಕಲ್ಲಿನ ಗೂಟ, ಎಲ್ಲಕ್ಕೂ ನಾನೇ ಹೊಂದಿಕೊಂಡು ಬಂದವಳು. ನನ್ನ ಕೈಗೆ ಹೊಂದಿಕೊಂಡ ವಸ್ತುವನ್ನು ನಾನು ಹಿಡಿದದ್ದು ಅದೇ ಮೊದಲು. ಖುಷಿಯಾಯಿತು, ಅದರ ಬೆನ್ನಿಗೇ ಭಯವೂ ಆಯಿತು. ಕೋಲನ್ನು ಒರೆಸಿ ಇದ್ದಲ್ಲೇ ಇಟ್ಟೆ.

ಹಿರೋಳ್ಳಿಯ ಬೀಗರು ಮತ್ತೆ ಬಂದರು. ಮಾತುಕತೆ ಮುಗಿಯುವ ಲಕ್ಷಣ ಕಂಡಿತು, ಅತ್ತೆ ಹೋಳಿಗೆ ಮಾಡಿಸಿದರು. ಪಡಸಾಲೆಯಲ್ಲಿ ಸಾಲಾಗಿ ಊಟಕ್ಕೆ ಕುಳಿತರು, ಮಾವನವರು ಬೀಗರ ಪಕ್ಕದಲ್ಲೇ. ಅವತ್ತು ಅವರ ಜೇಬಿನ ದಾರವನ್ನು ಅತ್ತೆ ಮೊದಲೇ ತೆಗೆದಿಟ್ಟಿದ್ದರು. ಬೀಗರಿಗೆ ಸೊಸೆಯೇ ತುಪ್ಪ ಬಡಿಸಬೇಕೆಂದು ಅತ್ತೆ ಅವತ್ತೊಂದು ದಿನ ಪದ್ಧತಿ ಸಡಿಲಿಸಿ ಆ ಕೆಲಸ ನನಗೆ ಹಚ್ಚಿದರು. ಸೆರಗು ಎಳೆದುಕೊಂಡು, ಬಿಸಿ ತುಪ್ಪದ ಗಿಂಡಿಯನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು ಒಬ್ಬೊಬ್ಬರಿಗೇ ಹಾಕುತ್ತ ಬಂದೆ. ಬೀಗರ ಎದುರು ಬಾಗಿದಾಗ ಅವರು "ಸಾಕ್ರಿ, ಸಾಕು" ಎಂದು ಕೈ ಅಡ್ಡ ತಂದರು, ಗಿಂಡಿ ಜಾರಿತು. ಎಡಗೈಗೆ ಏನು ಗೊತ್ತು? ಅದು ತಾನಾಗಿಯೇ ಮುಂದೆ ಬಂದು ಗಿಂಡಿಯನ್ನು ಹಿಡಿಯಿತು, ಹಿಡಿದದ್ದಷ್ಟೇ ಅಲ್ಲ, ಒಂದು ಹನಿಯೂ ಆಚೀಚೆ ಬೀಳದಂತೆ ಹೋಳಿಗೆಯ ಮೇಲೆ ಸುರಿಯಿತು.

ಬೀಗರು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಎಡಗೈಲೆ ಬಡಸಾಕತ್ತಿಯಲ್ಲಬೇ" ಎಂದರು ಅತ್ತೆ. ದನಿ ಏರಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಬಾಗಿಲಲ್ಲಿ ನಿಂತಿದ್ದ ನಾದಿನಿಯ ಮುಖ ಬಿಳಿಚಿಹೋಗಿತ್ತು. ನಾನು ಗಿಂಡಿಯನ್ನು ಬಲಗೈಗೆ ಬದಲಿಸಲು ಹೋದೆ. ಅದೂ ಆಗಲಿಲ್ಲ. ಯಾರೂ ಉಣ್ಣಲಿಲ್ಲ.

ಆಗ ಬೀಗರ ಪಕ್ಕದ ತಟ್ಟೆ ಮುಂದೆ ಬಂತು. ಮಾವನವರದು.

"ನನಗ ಹಾಕವ್ವಾ. ಅದೇ ಕೈಲೆ ಹಾಕು, ಬಲಗೈಲೆ ಹಾಕಿದ್ರ ಚೆಲ್ತದ."

ನಾನು ಆ ಮನೆಗೆ ಬಂದ ಮೇಲೆ ಮಾವನವರು ನೇರವಾಗಿ ನನಗೆ ಆಡಿದ ಮೊದಲ ಮಾತು ಅದು. ನಾನು ನಿಂತಲ್ಲೇ ನಿಂತಿದ್ದೆ. ಅವರು ಬೀಗರ ಕಡೆ ತಿರುಗಿದರು.

"ನಮ್ಮ ಸೊಸಿದು ಕೈ ಹಂಗೇ ಅದ್ರಿ. ಬಂದ ವಾರದಾಗೇ, ಬಾಗಿಲ ಎಳಕೊಳ್ಳೋ ಕೈ ನೋಡೇ ನನಗ ಗೊತ್ತಾಗ್ಯಾದ. ಎರಡು ವರ್ಷ ಆತು, ಆ ಕೈ ರೊಟ್ಟಿನೇ ಉಣ್ಣಾಕತ್ತೇನಿ."

ಅತ್ತೆ ತಡೆಯಲಾರದೆ ಕೇಳಿದರು: "ಗೊತ್ತಿದ್ದವರು ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಆಕಿನ್ನ ಉಣ್ಣಾಕ ಬಿಡ್ತಿದ್ದೇನು? ಅಂಜಿ ಅಂಜಿ ತಿರುಗಾಡಾಕತ್ತಿತ್ತು ಹುಡುಗಿ. ಹೆಂಗ ಹೇಳಲಿ?"

ಬೀಗರು ಮೀಸೆ ಸವರಿಕೊಂಡರು, ಒಮ್ಮೆ ಮಗನ ಮುಖ ನೋಡಿದರು. ಆಮೇಲೆ ತಟ್ಟೆಯನ್ನು ಇದ್ದಲ್ಲಿಗೆ ಸರಿಸಿ ಹೋಳಿಗೆ ಮುರಿದರು. ಬಾಗಿಲ ಹತ್ತಿರ ನಾದಿನಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ನಾನು ಮಾವನವರ ತಟ್ಟೆಯ ಮೇಲೆ ಬಾಗಿದೆ. ನಾನು ಹೆದರುತ್ತಿದ್ದುದನ್ನು ಅಷ್ಟು ದಿನವೂ ನೋಡಿದವರೊಬ್ಬರು ಆ ಮನೆಯಲ್ಲಿ ಇದ್ದರಲ್ಲ! ಸೆರಗಿನೊಳಗೆ ಕಣ್ಣು ತುಂಬಿ ಬಂದು ತಟ್ಟೆ ಎಲ್ಲಿದೆ, ಹೋಳಿಗೆ ಎಲ್ಲಿದೆ ಒಂದೂ ಕಾಣಲಿಲ್ಲ. ಎಡಗೈಯಿಂದಲೇ ಹಾಕಿದೆ, ಆದರೂ ತುಪ್ಪವೆಲ್ಲ ಮಾವನವರ ಧೋತರದ ಮೇಲೆ ಚೆಲ್ಲಿತು. ಅವರು ಧೋತರದ ಕಡೆ ನೋಡಲೂ ಇಲ್ಲ. ಬರೀ ಹೋಳಿಗೆಯನ್ನೇ ಮುರಿದು ಬಾಯಿಗಿಟ್ಟುಕೊಂಡು, "ತುಪ್ಪ ಬರಾಬರ್ ಬಿತ್ತು ನೋಡ್ರಿ" ಎಂದು ಬೀಗರಿಗೆ ಹೇಳಿದರು.