ಒದ್ದೆ ಬೆಡ್‌ಶೀಟಿನ ಪಂಡಿತ

ನಿದ್ದೆಯ ವಿಷಯದಲ್ಲಿ ನನ್ನೊಡನೆ ಯಾರೂ ವಾದಕ್ಕಿಳಿಯಬಾರದು! ಹಾಸಿಗೆ ಅಂಗಡಿಯ ಸೇಲ್ಸ್‌ಮನ್ ನಾನು. ಯಾವ ಬೆನ್ನಿಗೆ ಯಾವ ಹಾಸಿಗೆ, ಯಾವ ಕುತ್ತಿಗೆಗೆ ಯಾವ ದಿಂಬು ಎಂದು ಗಿರಾಕಿಯ ಮುಖ ನೋಡಿಯೇ ಹೇಳಬಲ್ಲೆ. ಹೀಗಿರುವಾಗ, ಕಂಪನಿಯವರು ನನ್ನನ್ನು ಒಣ ಬಿಸಿಲಿನ ಬಯಲೂರಿನಿಂದ ಸಮುದ್ರದಂಡೆಯ ಅಂಗಡಿಗೆ ವರ್ಗ ಮಾಡಿದರೆ ಬೇಸಿಗೆಗೆ ಹೆದರುತ್ತೇನೆಯೇ? ಹೆದರಿದ್ದು ನನ್ನ ಹೆಂಡತಿ.

"ರೀ, ನಾಳೆ ನನಗೆ ಹೊಸ ಕೆಲಸದ ಮೊದಲ ದಿನ. ಲ್ಯಾಬಲ್ಲಿ ಜನರ ರಕ್ತ ತೆಗೀಬೇಕು. ನಿದ್ದೆಗಣ್ಣಲ್ಲಿ ಸೂಜಿ ಹಿಡಿದ್ರೆ ಎಲ್ಲಿ ಚುಚ್ತೀನೋ ನನಗೇ ಗೊತ್ತಿಲ್ಲ. ಒಂದು ಏಸಿ ಹಾಕಿಸಿ ಅಂತ ಎಷ್ಟು ಸಲ ಬಡ್ಕೊಂಡೆ!"

"ಏಸಿನಾ? ನಾನಿರುವಾಗ?" ಎಂದು ಎದೆಯುಬ್ಬಿಸಿದೆ. "ಹಳೇ ಊರಲ್ಲಿ ಕಿಟಕಿಗೆ ಒದ್ದೆ ಬೆಡ್‌ಶೀಟ್ ಕಟ್ಟಿ, ಫ್ಯಾನ್ ಹಾಕಿ, ಎಷ್ಟು ತಂಪಾಗಿ ಮಲಗಿಸ್ತಿರಲಿಲ್ಲ? ಇವತ್ತು ನೋಡು ನನ್ನ ಕೈಚಳಕ!"

ನಮ್ಮೊಂದಿಗಿದ್ದ ಅತ್ತೆ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತ, "ಅಳಿಯಂದಿರು ಕೈ ಹಾಕಿದ ಮೇಲೆ ಮುಗೀತು ಬಿಡು" ಎಂದರು. ಹೊಗಳಿಕೆಯೋ ತೆಗಳಿಕೆಯೋ ಆಮೇಲೆ ಯೋಚಿಸೋಣವೆಂದು ಬಕೆಟ್ ಹಿಡಿದೆ.

ರಾತ್ರಿ ಬೆಡ್‌ಶೀಟ್ ಕಿಟಕಿಗೇರಿತು. ತಂಪಿನ ಆಸೆಗೆ ಅತ್ತೆಯೂ ನಮ್ಮ ಕೋಣೆಯ ಮಂಚವೇರಿದರು. ಫ್ಯಾನ್ ತಿರುಗಿತು. ತಂಪಿನ ಸುಳಿವೇ ಇಲ್ಲ! ಹಳೇ ಊರಿನ ಒಣ ಗಾಳಿ ಒದ್ದೆ ಬಟ್ಟೆಯ ನೀರನ್ನು ಗಟಗಟ ಕುಡಿದು ಕೋಣೆಯನ್ನು ತಣ್ಣಗೆ ಮಾಡುತ್ತಿತ್ತು. ಈ ಊರಿನ ಗಾಳಿಯೋ ಆಗಲೇ ಹೊಟ್ಟೆ ಬಿರಿಯುವಷ್ಟು ನೀರು ಕುಡಿದಿತ್ತು. ನನ್ನ ಬೆಡ್‌ಶೀಟಿನ ಒಂದು ಹನಿಯನ್ನೂ ಮುಟ್ಟಲೊಲ್ಲದು. ಈ ಜ್ಞಾನೋದಯವೆಲ್ಲ ಆಮೇಲಿನದು. ಆ ಕ್ಷಣಕ್ಕೆ ನನ್ನ ತಲೆಗೆ ಹೊಳೆದದ್ದು ಒಂದೇ: ನೀರು ಸಾಲದು!

ಮನೆಯಲ್ಲಿದ್ದ ಹೊದಿಕೆ, ಟವೆಲು, ಬಾಗಿಲ ಪರದೆ ಎಲ್ಲವನ್ನೂ ನೆನೆಸಿದೆ. ಮಂಚದ ಮೇಲೆ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಸಾಲಾಗಿ ನೇತುಹಾಕಿದೆ. ಗೋಡೆ ಬೆವರಿತು. ಕನ್ನಡಿ ಬೆವರಿತು. ನಾನಂತೂ ಕರಗಿ ಹರಿಯುವುದೊಂದೇ ಬಾಕಿ!

"ರೀ, ಉಸಿರು ಕಟ್ತಿದೆ!"

"ಸ್ವಲ್ಪ ತಡ್ಕೊ. ತಂಪು ದಾರೀಲಿದೆ."

"ಇದ್ದಬದ್ದ ಕಿಟಕಿಯೆಲ್ಲ ಮುಚ್ಚಿಟ್ಟಿದ್ದೀರಲ್ಲ, ಯಾವ ದಾರೀಲಿ ಬರತ್ತೆ?"

ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಹಗ್ಗವೇ ಉತ್ತರ ಕೊಟ್ಟಿತು. ಫಟ್! ನೆನೆದು ಗುಂಡುಕಲ್ಲಿನಂತಾಗಿದ್ದ ಬಟ್ಟೆಗಳೆಲ್ಲ ಒಟ್ಟಿಗೆ ಮಂಚದ ಮೇಲೆ ಬಿದ್ದವು. ನಾನು ಹೆಮ್ಮೆಯಿಂದ ಆರಿಸಿ ತಂದಿದ್ದ ಸ್ಪಂಜಿನ ಹಾಸಿಗೆ ತನ್ನ ಗುಣಮಟ್ಟವನ್ನು ಸಾಬೀತುಪಡಿಸಿತು. ಒಂದು ಹನಿ ಬಿಡದೆ ಹೀರಿತು! ಬಟ್ಟೆಯ ರಾಶಿಯ ಅಡಿಯಿಂದ ಅತ್ತೆಯ ಧ್ವನಿ ಕೇಳಿಸಿತು: "ಅಳಿಯಂದಿರೇ, ನಾಳೆ ಬೆಳಿಗ್ಗೆ ನನಗೆ ನೀರು ಕಾಯಿಸಬೇಡಿ. ಸ್ನಾನ ಆಯ್ತು."

ಹೆಂಡತಿ ಒದ್ದೆಯಾಗದೆ ಉಳಿದಿದ್ದ ದಿಂಬುಗಳನ್ನು ಕಂಕುಳಿಗೆ ಸೇರಿಸಿ, ಅಮ್ಮನ ಕೈ ಹಿಡಿದು, ಕೆಳಗಿನ ಮನೆಯೊಡತಿಯ ಬಾಗಿಲು ತಟ್ಟಿದಳು. ಆಕೆಯ ಮನೆಯ ಹಾಲ್‌ನಲ್ಲಿ ಏಸಿ ಇತ್ತು. ನನ್ನನ್ನೂ ಕರೆದರು. ಪಂಡಿತನಾದವನು ಹೋಗುವುದುಂಟೆ? ಬೆಳಗಾಗುವವರೆಗೆ ಬಟ್ಟೆ ಹಿಂಡುತ್ತ, ನೆಲ ಒರೆಸುತ್ತ ಮಾನ ಕಾಪಾಡಿಕೊಂಡೆ.

ಬೆಳಿಗ್ಗೆ ಹೆಂಡತಿ ಆಗತಾನೇ ಅರಳಿದ ಹೂವಿನಂತೆ ಮೆಟ್ಟಿಲೇರಿ ಬಂದಳು. ನನ್ನ ಕೆಂಗಣ್ಣು ನೋಡಿ ಅಯ್ಯೋ ಅನ್ನಿಸಿತೇನೋ, ಬೈಯಲಿಲ್ಲ. "ಪಾಪ, ಇವತ್ತು ರಜೆ ಹಾಕಿ ಮಲಗಿ" ಎಂದಳು.

"ಎಲ್ಲಿ ಮಲಗಲಿ?" ಎಂದೆ. ಇಬ್ಬರೂ ತೊಟ್ಟಿಕ್ಕುತ್ತಿದ್ದ ಹಾಸಿಗೆಯತ್ತ ನೋಡಿದೆವು. ನಾನು ಅಂಗಡಿಗೆ ಹೊರಟೆ.

ಅಂಗಡಿಯೊಳಗೆ ತಣ್ಣನೆಯ ಗಾಳಿ. ಬಾಗಿಲು ತೆಗೆಯುತ್ತಲೇ ಗಂಡ ಹೆಂಡತಿ ಜೋಡಿಯೊಂದು ಹಾಸಿಗೆ ನೋಡಲು ಬಂತು. "ಇದರ ಮೇಲೆ ಹೀಗೆ ಒರಗಿದರೆ ಬೆನ್ನಿಗೆ..." ಎಂದು ಒರಗಿ ತೋರಿಸಿದೆ. ಬೆನ್ನಿಗೆ ಏನಾಗುತ್ತದೆಂದು ಹೇಳಿದ ನೆನಪಿಲ್ಲ.

ಯಾರೋ ಭುಜ ಅಲುಗಿಸಿದಾಗ ಕಣ್ಣು ಬಿಟ್ಟೆ. ಎದುರಿಗೆ ಮ್ಯಾನೇಜರ್! ಗಿರಾಕಿಗಳ ಸುಳಿವಿಲ್ಲ. ಕೆಲಸ ಹೋಯಿತೆಂದು ಗಡಬಡಿಸಿ ಎದ್ದೆ.

"ಸರ್, ತಪ್ಪಾಯ್ತು. ಅವರು ಬೇಜಾರಾಗಿ ಹೋಗ್ಬಿಟ್ರಾ?"

"ಹಾಸಿಗೆ ಕೊಂಡುಕೊಂಡು ಹೋದ್ರು ಕಣ್ರೀ! ನಿಮ್ಮ ಗೊರಕೆ ಕೇಳಿ, ಇದೇ ಬೇಕು ಅಂದ್ರು" ಎಂದು ಮ್ಯಾನೇಜರ್ ಕೈಮುಗಿದರು. "ನೀವು ಇಲ್ಲಿಗೆ ಬಂದಾಗಿನಿಂದ ಬಾಯಿಬಿಟ್ಟು ಮಾತಾಡಿ ಒಂದು ದಿಂಬೂ ಮಾರಿರಲಿಲ್ಲ. ಇವತ್ತು ಬಾಯಿಬಿಟ್ಟು ಮಲಗಿ ಹಾಸಿಗೇನೇ ಮಾರಿದ್ರಿ. ನಾಳೆಯಿಂದ ದಯವಿಟ್ಟು ಮಾತಾಡಬೇಡಿ!"