ಶಾಂತಿನಾಥನ ನೀರಿನ ಆ್ಯಪ್

ಸೋಮವಾರ ನಳಕ್ಕೆ ನೀರು ಬಂದು ಹೋದದ್ದು ಶಾಂತಿನಾಥನಿಗೆ ಗೊತ್ತೇ ಆಗಲಿಲ್ಲ. ಕೊಲ್ಹಾಪುರದ ಕಂಪನಿಯೊಂದರ ಸಾಫ್ಟ್‌ವೇರ್ ಕೆಲಸವನ್ನು ನಿಪ್ಪಾಣಿಯ ಮನೆಯಲ್ಲೇ ಕೂತು ಮಾಡುವ ಅವನ ಎರಡೂ ಕಿವಿಗೆ ಹೆಡ್‌ಫೋನ್ ಇತ್ತು. ದವಾಖಾನೆಗೆ ಹೋಗಿ ಬಂದ ಹೆಂಡತಿ ಸಾರಿಕಾ ಒಣಗಿದ ನೀರಿನ ಟಾಕಿ ನೋಡಿ ಉರಿದುಬಿದ್ದಳು. ನೀರು ಮತ್ತೆ ಬರುವುದು ಗುರುವಾರ, ಅದೂ ಯಾವ ಹೊತ್ತಿಗೋ. ಶುಕ್ರವಾರ ಮಗನ ಮೊದಲ ಕೂದಲು ತೆಗೆಸುವ ಜವಳ, ಅವಳ ತವರಿನಿಂದ ಮೂವತ್ತು ಜನ ಬರುವವರಿದ್ದರು.

"ದಿನಾ ಕಂಪ್ಯೂಟರ್ ಮುಂದ ಕುಂಡರ್ತೀರಿ. ಮನಿಗೆ ಉಪಯೋಗ ಆಗೂವಂಥದ್ದು ಒಂದರ ಮಾಡೀರೇನು?"

ಮಾತು ಎದೆಗೇ ನಾಟಿತು. ಸಿಟ್ಟಿನಿಂದ ಎರಡು ದಿನ ರಜೆ ಹಾಕಿ ಆ್ಯಪ್ ಕಟ್ಟಿದ. ನೀರು ಬಿಡುವ ಮುರಗೆಪ್ಪ ಮೊಬೈಲಿನಲ್ಲಿ ಗುಂಡಿ ಒತ್ತಿದರೆ ಸಾಕು, ಓಣಿಯವರೆಲ್ಲರ ಮೊಬೈಲಿನಲ್ಲೂ ಗಂಟೆ ಬಾರಿಸುತ್ತದೆ. ಮುರಗೆಪ್ಪನಿಗೆ ನಮಗೊಂದು ಫೋನ್ ಮಾಡು ಎಂದರೆ ಮುಗೀತಲ್ಲ ಎಂದಳು ಸಾರಿಕಾ. ಅವನ ಮೂಗು ಕೆಂಪಾಯಿತು.

"ಒಬ್ಬರಿಗಷ್ಟ ಉಪಯೋಗ ಆದ್ರ ಅದನ್ನ ಪ್ರಾಡಕ್ಟ್ ಅನ್ನೂದಿಲ್ಲ."

ಬಳಸುವವರನ್ನು ಕೇಳದೆ ಏನನ್ನೂ ಕೊಡಬಾರದು ಎಂಬುದು ಅವನ ನಿಯಮ. ಗುರುವಾರ ಬೆಳಿಗ್ಗೆ ಮನೆಮನೆ ಹತ್ತಿಳಿದ. ಯಾರು ಕದ್ದು ನಳಕ್ಕೆ ಮೋಟಾರು ಹಚ್ಚಿ ನೀರು ಎಳೆಯುತ್ತಾರೆಂದು ಆ್ಯಪ್ ಹೇಳಬೇಕು ಎಂದಳು ಎದುರು ಮನೆಯ ಕಾಶಿಬಾಯಿ. ಆಕೆಯ ಮೋಟಾರು ಅಲ್ಲೇ ಗೋಣಿಚೀಲದಡಿ ಅಡಗಿ ಕೂತಿತ್ತು. ಚುನಾವಣೆಗೆ ನಿಲ್ಲುವ ಆಸೆಯ ತವನಪ್ಪ, ಗಂಟೆ ಬಾರಿಸುವಾಗ ತನ್ನ ಫೋಟೊ ಕಾಣಬೇಕೆಂದು ಹಟ ಹಿಡಿದ. ವೆಲ್ಡಿಂಗ್ ಅಂಗಡಿಯ ಕಾಸಿಮಸಾಬನಿಗೆ ಬಾರಿಸಿ ತೋರಿಸಿದ ಗಂಟೆಯೇ ಕೇಳಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶಾಂತಿನಾಥನ ತಲೆ ಕಾದ ಹಂಚಾಗಿತ್ತು. ಹೋದಲ್ಲೆಲ್ಲ ಚಹಾ ಕುಡಿಸಿ ಬೈದು ಕಳಿಸಿದ್ದರು! ಕಾಸಿಮಸಾಬನ ಮಾತೊಂದನ್ನೇ ನಡೆಸಿ ಗಂಟೆಯ ದನಿ ಏರಿಸಿದ. ಬೇಕಾದವರು ಇಟ್ಟುಕೊಳ್ಳಿ, ಬೇಡಾದವರು ಬಿಡಿ ಎಂದು ಓಣಿಯ ನಡುವೆ ನಿಂತು ಕೂಗಾಡಿದ. ಕೂಗಾಟಕ್ಕೆ ಹೆದರಿಯೋ ಏನೋ, ಎಲ್ಲರೂ ಇಟ್ಟುಕೊಂಡರು.

ನಾಲ್ಕು ಗಂಟೆಗೆ ಮುರಗೆಪ್ಪ ಗುಂಡಿ ಒತ್ತಿದ. ಇಡೀ ಓಣಿ ಗಣಗಣ ಎಂದಿತು. ಮಲಗಿದ್ದವರು ಎದ್ದರು, ಅಂಗಡಿಗೆ ಹೋದವರು ಓಡಿ ಬಂದರು, ಹದಿನೆಂಟು ಮೋಟಾರು ಒಟ್ಟಿಗೇ ಗುಡುಗಿದವು. ಶಾಂತಿನಾಥ ಎದೆ ಉಬ್ಬಿಸಿ ತನ್ನ ನಳ ತಿರುವಿದ. ನಳ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅರ್ಧ ತಾಸಾದರೂ ಹನಿ ನೀರಿಲ್ಲ.

ಸಾರಿಕಾ ನಾಳೆ ಬರುವ ನೆಂಟರನ್ನು ಬೆರಳು ಮಡಚಿ ಎಣಿಸತೊಡಗಿದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಅವನು ಓಡಿಹೋಗಿ ಮುರಗೆಪ್ಪನ ಕೊರಳಪಟ್ಟಿಗೇ ಕೈಹಾಕಿದ.

"ನಾ ಏನ್ ಮಾಡ್ಲಿ ಸಾಹೇಬ್ರ? ನಿಮ್ದು ಏರಿನ ಮ್ಯಾಲಿನ ಮನಿ. ಇಷ್ಟ ದಿನ ಅರ್ಧ ಓಣಿಗೆ ನೀರ ಬಂದದ್ದ ಗೊತ್ತಾಗ್ತಿದ್ದಿಲ್ಲ, ಅದಕ್ಕ ನಿಮ್ಮ ಮನಿ ಮಟಾ ಏರ್ತಿತ್ತು."

ಶಾಂತಿನಾಥನ ಕೈ ಸಡಿಲವಾಯಿತು. ಬೈಯಲು ಯಾರೂ ಉಳಿದಿರಲಿಲ್ಲ. ಮನೆಗೆ ಬಂದಾಗ ಸಾರಿಕಾ ಎರಡು ಕೊಡ ಅವನ ಕೈಗಿಟ್ಟು ಎದುರು ಮನೆ ತೋರಿಸಿದಳು. ಅಲ್ಲಿ ಗೋಣಿಚೀಲದಡಿಯ ಮೋಟಾರಿನಿಂದ ಟಾಕಿ ತುಂಬಿ ಅಂಗಳಕ್ಕೆಲ್ಲ ನೀರು ಹರಿಯುತ್ತಿತ್ತು. ಕಾಶಿಬಾಯಿ ಅವನ ಕೊಡಗಳನ್ನು ನೋಡಿ ಮರುಗಿದಳು.

"ನಿನ್ನ ಆ್ಯಪ್ ಭಾಳ ಛಲೋ ಐತಿ ಬಿಡು, ಶಾಂತೂ. ನಿಮ್ಮ ಮನ್ಯಾಗ ಹಾಕ್ಕೊಂಡಿಲ್ಲೇನು?"